ಹುಲಿ ಆಮೇಲಾಗಲಿ, ಮೊದಲು ದರಗು ಕೆದಕಿ

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರ ಮನೆಯ ಹುಡುಗಿ. ಬಿ.ಎಸ್‌ಸಿ. ಮುಗಿಸಿ ಈ ವರ್ಷ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಓದಿಗೆ ಸೇರಿದ್ದೇನೆ. ಇಕಾಲಜಿಯಲ್ಲಿ ಮುಂದುವರಿದು ಹುಲಿಯ ಮೇಲೆ ಸಂಶೋಧನೆ ಮಾಡಬೇಕೆಂಬ ಆಸೆ. ಆದರೆ ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಾಗುತ್ತಿಲ್ಲ. ಗಣಿತವೆಂದರೆ ಭಯ, ಇಂಗ್ಲಿಷ್ ಪ್ರಬಂಧಗಳು ಅರ್ಥವಾಗುವುದಿಲ್ಲ. ಅಪ್ಪ ಬೇರೆ, ‘ಕಾಡು ನೋಡುವುದಕ್ಕೆ ಯೂನಿವರ್ಸಿಟಿ ಏಕೆ, ತೋಟಕ್ಕೆ ಸೊಪ್ಪು ಕಡಿಯುವ ನಮ್ಮ ಸೊಪ್ಪಿನಬೆಟ್ಟ ಇಲ್ಲವೇ? ಓದಿದ ಮೇಲೆ ಕೆಲಸ ಏನು ಸಿಗುತ್ತದೆ?’ ಎನ್ನುತ್ತಾರೆ. ಮೊದಲ ವರ್ಷವನ್ನು ಹೇಗೆ ಬಳಸಿಕೊಳ್ಳಲಿ?

ಉತ್ತರ: ನಿಮ್ಮ ತಂದೆಯವರ ಮಾತನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಪತ್ರದಲ್ಲಿ ಹೆಚ್ಚು ತೂಕದ ಸಾಲು ಅದೇ. ಮೊದಲು ಹುಲಿಯ ವಿಚಾರ ಮುಗಿಸೋಣ.

ನಾನು ಪಾಠ ಮಾಡಿದಷ್ಟು ವರ್ಷವೂ ಮೊದಲ ತರಗತಿಯಲ್ಲಿ ಹೊಸಬರನ್ನು ‘ಯಾವುದರ ಮೇಲೆ ಕೆಲಸ ಮಾಡುತ್ತೀರಿ?’ ಎಂದು ಕೇಳುತ್ತಿದ್ದೆ. ಅರ್ಧದಷ್ಟು ಮಂದಿ ಹುಲಿ ಎನ್ನುತ್ತಿದ್ದರು, ಉಳಿದವರು ಆನೆ ಅಥವಾ ಕಾಳಿಂಗ. ಯಾರೂ ಇರುವೆ ಎಂದದ್ದಿಲ್ಲ, ಪಾಚಿ ಎಂದದ್ದಂತೂ ಇಲ್ಲವೇ ಇಲ್ಲ. ಆಸೆ ತಪ್ಪಲ್ಲ. ಆದರೆ ನಿಮ್ಮ ಕೈಯಲ್ಲಿ ಪ್ರಾಜೆಕ್ಟಿಗೆಂದು ಇರುವುದು ಹೆಚ್ಚೆಂದರೆ ಒಂದು ಸೆಮಿಸ್ಟರ್. ಭದ್ರಾ ಹುಲಿ ಸಂರಕ್ಷಿತ ಪ್ರದೇಶ ನಿಮ್ಮ ಹಾಸ್ಟೆಲಿಗೆ ಎಷ್ಟೇ ಹತ್ತಿರವಿರಲಿ, ಅಲ್ಲಿ ಅಧ್ಯಯನ ಮಾಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಆ ಕಡತ ನಡೆಯುವ ವೇಗದಲ್ಲಿ ನಿಮ್ಮ ಸೆಮಿಸ್ಟರ್ ಮುಗಿದು ಘಟಿಕೋತ್ಸವವೂ ಬಂದಿರುತ್ತದೆ.

ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಹುಲಿ ಸಂಶೋಧನೆಯಲ್ಲಿ ಹುಲಿ ಕಾಣಿಸುವುದೇ ಅಪರೂಪ. ಹುಲಿತಜ್ಞ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ 1990ರ ದಶಕದಲ್ಲಿ, ಪ್ರಾಣಿ ಎದುರು ಬಂದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಇಟ್ಟು ಹುಲಿಗಳನ್ನು ಅಂದಾಜು ಮಾಡುವ ಕ್ರಮವನ್ನು ರೂಢಿಗೆ ತಂದರು. ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲವಾದ್ದರಿಂದ ಯಾವ ಹುಲಿ ಎಷ್ಟು ಬಾರಿ ಕ್ಯಾಮೆರಾಕ್ಕೆ ಸಿಕ್ಕಿತು ಎಂದು ಬರೆದಿಡಬಹುದು. ಅಲ್ಲಿಯವರೆಗೆ ಸುಲಭ. ಕ್ಯಾಮೆರಾಕ್ಕೆ ಸಿಗದ ಹುಲಿಗಳು ಎಷ್ಟಿರಬಹುದು ಎಂಬುದೇ ನಿಜವಾದ ಲೆಕ್ಕ, ಅದು ಪೂರ್ತಿ ಸಂಭಾವ್ಯತೆಯ ಗಣಿತ. ಅದೇ ಗಣಿತವನ್ನು ನೀವು ಕ್ಯಾಂಪಸ್ಸಿನ ಹೊಂಡದ ಕಪ್ಪೆಗಳ ಮೇಲೆ ಅಭ್ಯಾಸ ಮಾಡಬಹುದು. ಜೂನ್ ತಿಂಗಳ ರಾತ್ರಿ ಏಳು ಗಂಡು ಕಪ್ಪೆಗಳ ಕೂಗು ಕೇಳಿತು ಎಂದುಕೊಳ್ಳಿ. ಹೊಂಡದಲ್ಲಿ ಏಳೇ ಕಪ್ಪೆಗಳಿವೆಯೇ? ಕೂಗದೆ ಕುಳಿತವು ಎಷ್ಟು? ಹೆಣ್ಣುಗಳು ಎಲ್ಲಿ? ಮೂರು ರಾತ್ರಿ ಹೋದರೆ ಲೆಕ್ಕ ಬದಲಾಗುತ್ತದೆಯೇ? ಇಷ್ಟನ್ನು ಸರಿಯಾಗಿ ಮಾಡಿದವರು ನಾಳೆ ಹುಲಿಯ ಲೆಕ್ಕವನ್ನೂ ಮಾಡುತ್ತಾರೆ.

ಇನ್ನೊಂದು ಗೊಂದಲವನ್ನೂ ಈಗಲೇ ಬಿಡಿಸಿಕೊಳ್ಳಿ. ಇಕಾಲಜಿ ಎಂದರೆ ಪರಿಸರ ಹೋರಾಟವೆಂದು ಬಹಳ ಮಂದಿ ತಿಳಿದು ಬರುತ್ತಾರೆ. ಮಲೆನಾಡಿನ ಮಕ್ಕಳಿಗೆ ಇದು ಸಹಜ. 1983ರಲ್ಲಿ ಶಿರಸಿಯ ಸಾಲ್ಕಣಿಯಲ್ಲಿ ಮರ ಅಪ್ಪಿಕೊಂಡವರ ಕಥೆ ಕೇಳಿ ಬೆಳೆದವರು ನಾವು. ಆ ಚಳವಳಿಯ ಮೇಲೆ ನನಗೆ ಗೌರವವಿದೆ. ಆದರೆ 1866ರಲ್ಲಿ ಹೆಕಲ್ ಎಂಬ ಜರ್ಮನ್ ಜೀವವಿಜ್ಞಾನಿ ಈ ಪದವನ್ನು ಕಟ್ಟಿದ್ದು ಜೀವಿಗಳಿಗೂ ಅವುಗಳ ಸುತ್ತಲಿನ ಲೋಕಕ್ಕೂ ಇರುವ ಸಂಬಂಧದ ಅಧ್ಯಯನಕ್ಕೆ. ಕಾಡು ಉಳಿಯಬೇಕು ಎಂಬುದು ನಿಮ್ಮ ನಿಲುವಾಗಿರಲಿ, ನನ್ನದೂ ಅದೇ. ಆದರೆ ಲೆಕ್ಕ ನಿಮ್ಮ ನಿಲುವಿಗೆ ವಿರುದ್ಧವಾಗಿ ಬಂದಾಗ ಅದನ್ನೂ ಬರೆಯುವ ಗಟ್ಟಿತನ ಬೇಕು. ಎರಡು ವರ್ಷದಲ್ಲಿ ಒಮ್ಮೆಯಾದರೂ ಆ ಸಂದರ್ಭ ಬರುತ್ತದೆ.

ಈ ಶಾಸ್ತ್ರ ಹೇಗೆ ಯೋಚಿಸುತ್ತದೆ ಎಂದು ತೋರಿಸಲು ನಾನು ಅಮೆಜಾನಿಗೆ ಹೋಗುತ್ತಿರಲಿಲ್ಲ, ಸೊರಬಕ್ಕೆ ಹೋಗುತ್ತಿದ್ದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಸುತ್ತಲಿನ ಹಳ್ಳಿಯವರಿಗೆ ವಿಪರೀತ ಜ್ವರ ಬಂತು. ಮಂಗ ಸಾಯುವ ಜ್ವರವಾದ್ದರಿಂದ ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೇ ಎಂಬ ಆತಂಕ ಮೊದಲು ಹುಟ್ಟಿತು. ಪುಣೆಯ ವೈರಾಣು ಸಂಶೋಧನಾ ಕೇಂದ್ರದವರು ಹುಡುಕಿದಾಗ ಸಿಕ್ಕಿದ್ದು ಬೇರೆಯೇ ವೈರಾಣು. ಅದು ರಷ್ಯಾದ ಕಡೆಯ, ಉಣುಗು ಕಚ್ಚಿ ಹರಡುವ ಒಂದು ಮಿದುಳು ಜ್ವರದ ವೈರಾಣುವಿನ ಬಳಗದ್ದು. ಹಾಗಾದರೆ ಚಳಿಗಾಲಕ್ಕೆ ವಲಸೆ ಬರುವ ಹಕ್ಕಿಗಳು ಉಣುಗನ್ನು ಹೊತ್ತು ತಂದವೇ? ಆ ಅನುಮಾನದ ಬೆನ್ನು ಹತ್ತಿ ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸಿ, ಮೈಮೇಲಿನ ಉಣುಗುಗಳನ್ನು ಹೆಕ್ಕಿ ನೋಡಿದರು. ಹಕ್ಕಿತಜ್ಞ ಸಲೀಂ ಅಲಿಯವರ ತಂಡಕ್ಕೆ ಆ ಕೆಲಸ ಸಿಕ್ಕಿದ್ದು ಈ ನೆಪದಿಂದಲೇ. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ಆದರೆ ಭಾರತದ ಹಕ್ಕಿಗಳ ವಲಸೆಯ ಬಗ್ಗೆ ನಮಗೆ ಗೊತ್ತಿರುವ ಎಷ್ಟೋ ಸಂಗತಿಗಳು ಆ ಉಂಗುರಗಳಿಂದ ಬಂದವು. ನಮ್ಮ ಮಂಗನ ಕಾಯಿಲೆ ಹಕ್ಕಿಶಾಸ್ತ್ರಕ್ಕೂ ಒಂದು ಉಪಕಾರ ಮಾಡಿತು ಎನ್ನಿ.

ಈಗ ಉಣುಗಿನ ಜೀವನವನ್ನು ನೋಡಿ. ಮೊಟ್ಟೆಯೊಡೆದ ಮರಿ ಒಮ್ಮೆ ರಕ್ತ ಹೀರಿ ಉದುರುತ್ತದೆ, ಪೊರೆ ಕಳಚಿ ನಿಂಫ್ ಎಂಬ ನಡುವಿನ ಹಂತಕ್ಕೆ ಬರುತ್ತದೆ. ನಿಂಫ್ ಇನ್ನೊಂದು ಪ್ರಾಣಿಯ ರಕ್ತ ಹೀರಿ ಉದುರಿ ದೊಡ್ಡದಾಗುತ್ತದೆ. ದೊಡ್ಡ ಉಣುಗಿಗೆ ದೊಡ್ಡ ಪ್ರಾಣಿ ಬೇಕು. ಕಾಡಿನಲ್ಲಿ ಅದು ಕಾಟಿಯೋ ಕಡವೆಯೋ ಆಗಬಹುದು, ಊರಂಚಿನಲ್ಲಿ ನಮ್ಮ ಕೊಟ್ಟಿಗೆಯ ದನ. ದನಕ್ಕೆ ಕಾಯಿಲೆ ಬರುವುದಿಲ್ಲ, ಆದರೆ ಹೊಟ್ಟೆ ತುಂಬ ರಕ್ತ ಕುಡಿದ ಉಣುಗು ನೆಲಕ್ಕಿಳಿದು ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ನಡುವಿನ ನಿಂಫ್. ಸಾಸಿವೆಗಿಂತ ಚಿಕ್ಕದು, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಅದರ ಸಂಖ್ಯೆ ಏರುವುದು ಮಳೆಗಾಲ ಮುಗಿದು ನೆಲ ಒಣಗಿದ ಮೇಲೆ, ಸರಿಸುಮಾರು ಡಿಸೆಂಬರಿನಿಂದ ಮೇವರೆಗೆ. ನಮ್ಮ ಮನೆಗಳವರು ಕೊಟ್ಟಿಗೆಗೆ ದರಗು, ಎಂದರೆ ಉದುರಿದ ಒಣ ಎಲೆ, ತರಲು, ಕಟ್ಟಿಗೆ ಒಟ್ಟಲು ಕಾಡಿಗೆ ಹೋಗುವುದು ಯಾವಾಗ? ಅದೇ ತಿಂಗಳುಗಳಲ್ಲಿ.

ಉಣುಗಿನ ಪಂಚಾಂಗ ಮತ್ತು ರೈತರ ಪಂಚಾಂಗ ಒಂದರ ಮೇಲೊಂದು ಕೂತಾಗ ಕಾಯಿಲೆ ಹಬ್ಬುತ್ತದೆ. ಕಾಡು ಕಡಿದು ತೋಟ ಮಾಡಿದ್ದು, ಅದರಂಚಿನಲ್ಲಿ ದನ ಮೇಯಿಸಿದ್ದು, ಹೀಗೆ ಹುಟ್ಟಿದ ಪೊದೆಗಾಡಿನ ಅಂಚುಗಳೇ ಉಣುಗಿಗೆ ಅನುಕೂಲವಾದವು ಎಂದು ಬೋಶೆಲ್ ಎಂಬ ವಿಜ್ಞಾನಿ 1969ರಲ್ಲೇ ವಾದಿಸಿದ್ದರು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಕಾಯಿಲೆ ಸ್ಫೋಟಿಸಿದಾಗ ಪತ್ರಿಕೆಗಳಲ್ಲಿ ಲಸಿಕೆಯ ಚರ್ಚೆ ನಡೆಯಿತು, ನಡೆಯಬೇಕಾದದ್ದೇ. ಆದರೆ ಯಾವ ಕಾಡಂಚಿನಲ್ಲಿ, ಯಾವ ತಿಂಗಳಲ್ಲಿ, ಯಾವ ಪ್ರಾಣಿಯ ಮೈಮೇಲೆ ಎಷ್ಟು ಉಣುಗು ಎಂಬ ಪ್ರಶ್ನೆ ನಿಮ್ಮ ಶಾಸ್ತ್ರದ್ದು. ಒಬ್ಬ ವೈದ್ಯ, ಒಬ್ಬ ಕೀಟತಜ್ಞ, ಒಬ್ಬ ದನ ಕಾಯುವವ ಮೂವರನ್ನೂ ಒಂದೇ ಜಗಲಿಯ ಮೇಲೆ ಕೂರಿಸುವ ಕೆಲಸ ಇಕಾಲಜಿಯವರದು.

ಮೊದಲ ವರ್ಷದಲ್ಲಿ ಕಲಿಯಲೇಬೇಕಾದದ್ದು ಒಂದಿದ್ದರೆ ಅದು ‘ಯಾವುದಕ್ಕೆ ಹೋಲಿಸಿ?’ ಎಂದು ಕೇಳುವುದು. ಉದಾಹರಣೆಗೆ ಅಕೇಶಿಯಾ. ‘ಅಕೇಶಿಯಾ ಕೆಳಗೆ ಹುಲ್ಲೂ ಹುಟ್ಟುವುದಿಲ್ಲ’ ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ನಾನೂ ಹಾಗೆಯೇ ಹೇಳುತ್ತಿದ್ದೆ. ವಿದ್ಯಾರ್ಥಿಯಾಗಿದ್ದಾಗ ಅದನ್ನೇ ಸಾಬೀತು ಮಾಡುತ್ತೇನೆಂದು ಹೊರಟೆ. ಒಂದು ಅಕೇಶಿಯಾ ನೆಡುತೋಪು, ಅದರ ಪಕ್ಕದ ಒಂದು ಕಾನು, ಎಂದರೆ ದಟ್ಟ ನಿತ್ಯಹಸಿರು ಕಾಡು. ಹಗ್ಗದಿಂದ ಒಂದು ಮೀಟರ್ ಉದ್ದಗಲದ ಚೌಕ ಮಾಡಿ ಅಲ್ಲಿ ನಲವತ್ತು, ಇಲ್ಲಿ ನಲವತ್ತು ಕಡೆ ಹಾಸಿ ಒಳಗಿನ ಗಿಡಗಳನ್ನೆಲ್ಲ ಎಣಿಸಿದೆ. ಮೂರು ತಿಂಗಳ ಕೆಲಸ. ಕಾನಿನಲ್ಲಿ ಸಸಿಗಳು ಬೇಕಾದಷ್ಟು, ನೆಡುತೋಪಿನಲ್ಲಿ ಕಡಿಮೆ. ಗೆದ್ದೆ ಎಂದುಕೊಂಡು ಮಾರ್ಗದರ್ಶಕರ ಮುಂದೆ ಕೋಷ್ಟಕ ಇಟ್ಟೆ. ಅವರು ಕನ್ನಡಕ ಸರಿಪಡಿಸಿಕೊಂಡು ಕೇಳಿದ್ದು ಇಷ್ಟೇ: “ಎಷ್ಟು ನೆಡುತೋಪು ನೋಡಿದೆ?” ಒಂದು ಎಂದೆ. “ಹಾಗಾದರೆ ನಿನ್ನ ಲೆಕ್ಕ ನಲವತ್ತಲ್ಲ, ಒಂದು.”

ಆಗ ಸಿಟ್ಟು ಬಂದಿತ್ತು. ಅರ್ಥವಾಗಲು ವಾರ ಹಿಡಿಯಿತು. ಆ ಕಾನು ಹಳ್ಳದ ದಂಡೆಯಲ್ಲಿತ್ತು, ನೆಡುತೋಪು ಜಂಬಿಟ್ಟಿಗೆಯ ಒಣ ಗುಡ್ಡದ ಮೇಲಿತ್ತು. ನಾನು ಅಳೆದದ್ದು ಅಕೇಶಿಯಾವನ್ನೋ, ನೀರನ್ನೋ, ಮಣ್ಣನ್ನೋ? ಒಂದೇ ಮನೆಯ ಸಾರನ್ನು ನಲವತ್ತು ಸಲ ರುಚಿ ನೋಡಿ ‘ಈ ಊರಿನ ಅಡುಗೆಯೇ ಹೀಗೆ’ ಎಂದಂತಾಗಿತ್ತು ನನ್ನ ಕೆಲಸ. ಈ ತಪ್ಪಿಗೆ 1984ರಲ್ಲಿ ಹರ್ಲ್‌ಬರ್ಟ್ ಎಂಬ ಅಮೆರಿಕದ ವಿಜ್ಞಾನಿ ‘ಸ್ಯೂಡೋರೆಪ್ಲಿಕೇಶನ್’ ಎಂದು ಹೆಸರಿಟ್ಟರು, ಕನ್ನಡದಲ್ಲಿ ಹುಸಿ ಪುನರಾವರ್ತನೆ ಎನ್ನಬಹುದು. ಅಚ್ಚಾದ ಪ್ರಬಂಧಗಳಲ್ಲೂ ಇದೇ ತಪ್ಪು ಎಷ್ಟು ಸಾಮಾನ್ಯವೆಂದು ಅವರು ತೋರಿಸಿಕೊಟ್ಟಿದ್ದರು. ಸಮಾಧಾನ ಎಂದರೆ ಅಷ್ಟೇ. ನಾನು ಮಾಡಬೇಕಿದ್ದದ್ದು ಬೇರೆ: ಎಂಟು ಬೇರೆ ಬೇರೆ ನೆಡುತೋಪು, ಪ್ರತಿಯೊಂದರ ಪಕ್ಕ ಅದೇ ಮಣ್ಣಿನ, ಅದೇ ಇಳಿಜಾರಿನ, ನೆಡದೆ ಬಿಟ್ಟ ಒಂದು ಹಕ್ಕಲು. ನೆಟ್ಟು ಎಷ್ಟು ವರ್ಷವಾಯಿತು, ದನ ಬರುತ್ತದೆಯೇ, ಬೆಂಕಿ ಬಿದ್ದಿತ್ತೇ, ಹತ್ತಿರದ ಕಾನು ಎಷ್ಟು ದೂರ, ಇವೂ ಕೋಷ್ಟಕದಲ್ಲಿರಬೇಕಿತ್ತು.

ಆದರೆ ಆ ಮೂರು ತಿಂಗಳು ಪೂರ್ತಿ ವ್ಯರ್ಥವಾಗಲಿಲ್ಲ. ಒಂದು ಚೌಕ ಇನ್ನೂ ಕಣ್ಣ ಮುಂದಿದೆ. ಮೇಲೆ ಕುಡುಗೋಲಿನಂತೆ ಬಾಗಿದ ಒಣ ಎಲೆಗಳ ಹಾಸು. ಎಲೆ ಎಂದೆ, ನಿಜಕ್ಕೂ ಅದು ಎಲೆಯಲ್ಲ, ಅಗಲವಾದ ಎಲೆತೊಟ್ಟು. ಮೊಳಕೆಯೊಡೆದ ಅಕೇಶಿಯಾ ಸಸಿಯಲ್ಲಿ ಮಾತ್ರ ಪುಟ್ಟ ಪುಟ್ಟ ನಿಜವಾದ ಎಲೆಗಳನ್ನು ನೋಡಬಹುದು. ಹಾಸನ್ನು ಬೆರಳಿನಿಂದ ಸರಿಸಿದರೆ ಕೆಳಗೆ ಕಪ್ಪಾದ, ತೇವದ ಇನ್ನೊಂದು ಪದರ, ಅದರ ನಡುವೆ ನೂಲಿನಂತೆ ಹರಡಿದ ಬಿಳಿ ಶಿಲೀಂಧ್ರ, ಅದರ ಕೆಳಗೆ ಕೆಂಪು ಗರಸು ಮಣ್ಣು. ಹುಲ್ಲು ನಿಜವಾಗಿಯೂ ಇರಲಿಲ್ಲ. ಆದರೆ ಒಂದು ನೇರಳೆ ಸಸಿ, ಎರಡು ಎಲೆಯದು, ಆ ಹಾಸನ್ನು ಸೀಳಿಕೊಂಡು ನಿಂತಿತ್ತು. ಹತ್ತಿರದಲ್ಲೆಲ್ಲೂ ನೇರಳೆ ಮರವಿರಲಿಲ್ಲ. ತಲೆಯೆತ್ತಿ ನೋಡಿದರೆ ಮೇಲೊಂದು ಅಡ್ಡ ಕೊಂಬೆ. ಹಕ್ಕಿ ಕೂತು ಉದುರಿಸಿದ ಬೀಜವೇ? ಹಾಗಿದ್ದರೆ ಕಾನಿಗೆ ಹತ್ತಿರದ ನೆಡುತೋಪಿನಲ್ಲಿ ಇಂಥ ಸಸಿಗಳು ಹೆಚ್ಚು, ದೂರದ್ದರಲ್ಲಿ ಕಡಿಮೆ ಇರಬೇಕಲ್ಲ? ನಾನು ಹೊತ್ತು ಹೋಗಿದ್ದ ಪ್ರಶ್ನೆಗಿಂತ ಅಲ್ಲಿ ಕುಕ್ಕರಗಾಲಿನಲ್ಲಿ ಕೂತಾಗ ಸಿಕ್ಕ ಪ್ರಶ್ನೆ ನೂರು ಪಾಲು ಚೆನ್ನಾಗಿತ್ತು. ಆದ್ದರಿಂದಲೇ ನಿಮಗೆ ಹೇಳುವುದು: ವಿಷಯ ನಿರ್ಧರಿಸುವ ಮೊದಲು ಕನಿಷ್ಠ ಹತ್ತು ದಿನ ಬರಿಗೈಯಲ್ಲಿ ಒಂದೇ ಜಾಗಕ್ಕೆ ಹೋಗಿ ಕೂರಿ. ಹಣ್ಣು ಬಿಟ್ಟ ಬಸರಿ ಮರದ ಕೆಳಗಾದರೂ ಸರಿ. ಬೆಳಗಿನಿಂದ ಸಂಜೆಯವರೆಗೆ ಯಾರು ಬಂದರು, ಎಷ್ಟು ಹೊತ್ತು ತಿಂದರು, ಯಾರು ಯಾರನ್ನು ಓಡಿಸಿದರು ಎಂದು ಬರೆಯಿರಿ. ಕುಟ್ರುಹಕ್ಕಿಯಿಂದ ಮಂಗಟ್ಟೆಯವರೆಗೆ ಅರ್ಧ ಕಾಡು ಅಲ್ಲಿಗೇ ಊಟಕ್ಕೆ ಬರುತ್ತದೆ.

ಬರೆಯುವುದು ಪೆನ್ಸಿಲಿನಲ್ಲಿ. ಜೆಲ್ ಪೆನ್ನಿನಲ್ಲಿ ಬರೆದ ಪುಟ ಆಗುಂಬೆಯ ಒಂದು ಸಂಜೆಯ ಮಳೆಗೆ ನೀಲಿ ನೀರಾಗುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ಅದು, ನಿಮ್ಮ ಪೆನ್ನಿನ ಮೇಲೆ ಕರುಣೆ ತೋರಿಸುವುದಿಲ್ಲ. ದಿನಾಂಕ, ಜಾಗ, ಗಂಟೆ, ಹವೆ ಮೊದಲು, ಉಳಿದದ್ದು ಆಮೇಲೆ. ಮನೆಗೆ ಬಂದ ರಾತ್ರಿಯೇ ಮೊಬೈಲಿನಲ್ಲಿ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ.

ಟಿಪ್ಪಣಿಯಲ್ಲಿ ಊರಿನ ಪದಗಳನ್ನು ಬಿಡಬೇಡಿ. ಕಾನು, ಹಕ್ಕಲು, ಬ್ಯಾಣ, ಸೊಪ್ಪಿನಬೆಟ್ಟ, ಜಡ್ಡಿ: ಇವು ಬರೀ ಹಳ್ಳಿಯ ಮಾತುಗಳಲ್ಲ, ಒಂದೊಂದೂ ಒಂದೊಂದು ಬಗೆಯ ನೆಲ, ನೀರು, ಬಳಕೆಯ ಹೆಸರು. ಸೊರಬದ ಕಾನುಗಳ ಬಗ್ಗೆ 1868ರಲ್ಲಿ ವರದಿ ಬರೆದ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಬ್ರಿಟಿಷ್ ಕಾಲದ ಅಧಿಕಾರಿಗಳೂ ‘ಕಾನು’ ಎಂಬ ಪದವನ್ನು ಹಾಗೆಯೇ ಉಳಿಸಿಕೊಂಡರು. ಈಚೆಗೆ ವಿಜ್ಞಾನವೇ ನಮ್ಮ ಪದಗಳ ಬಾಗಿಲಿಗೆ ಬಂದಿದೆ. ಮೊಟ್ಟೆಗಳಿಗೆ ಕೆಸರು ಮೆತ್ತುವ ಪುಟ್ಟ ಕಪ್ಪೆಗೆ 2014ರಲ್ಲಿ ‘ಕುಂಬಾರ’ ಎಂದೇ ವೈಜ್ಞಾನಿಕ ಹೆಸರು ಬಂತು. ಪಶ್ಚಿಮ ಘಟ್ಟದ ಕಾಳಿಂಗವನ್ನು 2024ರಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಿದಾಗ ಅದಕ್ಕಿಟ್ಟ ಹೆಸರೂ ‘ಕಾಳಿಂಗ’.

ಗಣಿತದ ಭಯಕ್ಕೆ ನನ್ನ ಬಳಿ ಔಷಧಿ ಒಂದೇ: ಬೇರೆಯವರ ಅಂಕಿಗಳಿಂದ ಕಲಿಯಬೇಡಿ, ನಿಮ್ಮವೇ ಅಂಕಿಗಳಿಂದ ಕಲಿಯಿರಿ. ಬಸರಿ ಮರದ ಟಿಪ್ಪಣಿಯಿಂದ ಒಂದು ನಕ್ಷೆ ಬರೆಯಿರಿ. ಸರಾಸರಿ, ಹರವು, ಸಂಭಾವ್ಯತೆ, ಒಂದು ಅಂಕಿ ಬದಲಾದಂತೆ ಇನ್ನೊಂದು ಹೇಗೆ ಬದಲಾಗುತ್ತದೆಂದು ನೋಡುವ ರಿಗ್ರೆಶನ್, ಮೊದಲ ವರ್ಷಕ್ಕೆ ಇಷ್ಟು ಸಾಕು. ಈ ಲೆಕ್ಕಗಳನ್ನು ಮಾಡುವ ‘ಆರ್’ ಎಂಬ ತಂತ್ರಾಂಶ ಉಚಿತ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಅದು ಮೊದಲ ತಿಂಗಳು ನಿಮ್ಮನ್ನು ಅಳಿಸುತ್ತದೆ, ಎಲ್ಲರನ್ನೂ ಅಳಿಸುತ್ತದೆ.

ಇಂಗ್ಲಿಷ್ ಪ್ರಬಂಧವನ್ನು ಮೊದಲ ಸಾಲಿನಿಂದ ಓದಲು ಹೋಗಿ ಸೋಲಬೇಡಿ. ಮೊದಲು ಚಿತ್ರ ಮತ್ತು ಕೋಷ್ಟಕ ನೋಡಿ, ಆಮೇಲೆ ಅವರು ಏನನ್ನು ಏನಕ್ಕೆ ಹೋಲಿಸಿದರು ಎಂಬ ಭಾಗ. ಅಲ್ಲಿಗೆ ನಿಲ್ಲಿಸಿ, ಫಲಿತಾಂಶ ಏನಿರಬಹುದೆಂದು ನೀವೇ ಊಹಿಸಿ, ಬಳಿಕ ಮುಂದೆ ಓದಿ. ವಾರಕ್ಕೆ ಒಂದು ಸಾಕು. ಓದಿದ್ದನ್ನು ಕನ್ನಡದಲ್ಲಿ ಐದು ವಾಕ್ಯ ಬರೆಯಲು ಬಾರದಿದ್ದರೆ ಅದು ಅರ್ಥವಾಗಿಲ್ಲ ಎಂದೇ ತಿಳಿಯಿರಿ. ಎಷ್ಟೋ ಸಲ ಪ್ರಬಂಧ ಬರೆದವರಿಗೂ ಅರ್ಥವಾಗಿರುವುದಿಲ್ಲ, ಅದು ಬೇರೆ ಮಾತು.

ಕಾಡಿಗೆ ಒಬ್ಬರೇ ಹೋಗಬೇಡಿ, ಎಲ್ಲಿಗೆ ಹೋಗುತ್ತೀರೆಂದು ಹಾಸ್ಟೆಲಿನಲ್ಲಿ ಹೇಳಿ ಹೋಗಿ. ಮಳೆಗಾಲದಲ್ಲಿ ಇಂಬಳ ಹತ್ತುತ್ತದೆ, ಅದರಿಂದ ಯಾರೂ ಸತ್ತಿಲ್ಲ. ಹೆದರಬೇಕಾದದ್ದು ಬೇಸಿಗೆಯ ಉಣುಗಿಗೆ. ತುಂಬುತೋಳಿನ ಅಂಗಿ ತೊಡಿ, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಉಣುಗು ಹತ್ತಿರ ಬಾರದಂತೆ ಆರೋಗ್ಯ ಇಲಾಖೆ ಹಂಚುವ ಡೇಪಾ ಎಣ್ಣೆ ಸವರಿಕೊಳ್ಳಿ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಬಿಸಿನೀರಿನ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ವಿಜ್ಞಾನದ ಉತ್ಸಾಹದಲ್ಲಿ ಮುಟ್ಟಲು ಹೋಗಬೇಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋಗಿ ಬಂದ ದಿನಗಳಲ್ಲಿ ಜ್ವರ ಬಂದರೆ ವೈದ್ಯರಿಗೆ ‘ಕಾಡಿಗೆ ಹೋಗಿದ್ದೆ’ ಎಂಬ ಮಾತನ್ನು ಮೊದಲು ಹೇಳಿ.

ಕೆಲಸದ ವಿಚಾರವನ್ನು ನೇರವಾಗಿಯೇ ಹೇಳುತ್ತೇನೆ. ಎಂಜಿನಿಯರಿಂಗ್ ಓದಿದವರಿಗೆ ಸಿಗುವಂತೆ ಸಾಲು ಸಾಲು ಕೆಲಸಗಳಿಲ್ಲ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕರೆ ಪಿಎಚ್‌.ಡಿ.ಗೆ ತಿಂಗಳಿಗೆ ಫೆಲೋಶಿಪ್ ಬರುತ್ತದೆ, 2023ರಲ್ಲಿ ಅದನ್ನು 37,000 ರೂಪಾಯಿಗೆ ಏರಿಸಿದ್ದಾರೆ. ಗೇಟ್ ಪರೀಕ್ಷೆಯಲ್ಲಿ ಇಕಾಲಜಿ ಮತ್ತು ವಿಕಾಸಕ್ಕೆಂದೇ ಒಂದು ಪತ್ರಿಕೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಗಳ ಕೇಂದ್ರ, ಅದೇ ಊರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆ, ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್, ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆ, ಇವುಗಳ ಅಂತರ್ಜಾಲ ತಾಣಗಳಲ್ಲಿ ಆಗಾಗ ಪ್ರಾಜೆಕ್ಟ್ ಸಹಾಯಕರ ಹುದ್ದೆಗಳ ಪ್ರಕಟಣೆ ಬರುತ್ತದೆ. ಅರಣ್ಯ ಸೇವೆಯ ಪರೀಕ್ಷೆಗಳಿವೆ. ಪರಿಸರ ಪರಿಣಾಮದ ವರದಿ ಬರೆಯುವ ಕಂಪನಿಗಳಿವೆ. ಆ ವರದಿಗಳ ಗುಣಮಟ್ಟದ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ, ಅದಕ್ಕಾಗಿಯೇ ಒಳ್ಳೆಯವರು ಅಲ್ಲಿಗೂ ಹೋಗಬೇಕು ಎಂದುಕೊಳ್ಳುತ್ತೇನೆ.

ಇನ್ನು ನಿಮ್ಮ ತಂದೆಯವರ ಮಾತು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ನೀವು ಬಿಟ್ಟುಕೊಡಬಾರದು. 1970ರ ದಶಕದಲ್ಲಿ ಉತ್ತರ ಕನ್ನಡದ ಕಾಡುಗಳಲ್ಲಿ ಬಿದಿರು ಏಕೆ ಕಡಿಮೆಯಾಗುತ್ತಿದೆ ಎಂಬ ಪ್ರಶ್ನೆ ಎದ್ದಾಗ, ಹಳ್ಳಿಯವರು ದನ ಮೇಯಿಸುವುದೇ ಕಾರಣ ಎಂಬುದು ಅಧಿಕಾರಿಗಳ ಖಚಿತ ಉತ್ತರವಾಗಿತ್ತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರ ತಂಡ ಹಳ್ಳಿಯವರನ್ನು ಕೇಳಿತು. ಅವರು ಹೇಳಿದ್ದು ಬೇರೆ: ಕಾಗದದ ಕಾರ್ಖಾನೆಗಾಗಿ ಬಿದಿರು ಕಡಿಯುವವರು ಮೆಳೆಯ ಬುಡದ ಮುಳ್ಳನ್ನು ಸವರಿ ಹಾಕುತ್ತಾರೆ, ಕಳಲೆಗೆ ಕಾವಲಿಲ್ಲದಂತಾಗುತ್ತದೆ, ದನ, ಮಂಗ, ಹಂದಿ ಎಲ್ಲವೂ ತಿನ್ನುತ್ತವೆ. ತಂಡ ಅಷ್ಟಕ್ಕೇ ಒಪ್ಪಿಕೊಂಡು ಬರಲಿಲ್ಲ. ಮುಳ್ಳು ಸವರಿದ ಮೆಳೆ, ಸವರದ ಮೆಳೆ ಎರಡನ್ನೂ ಹೋಲಿಸಿ ಕಳಲೆಗಳ ಲೆಕ್ಕ ಇಟ್ಟಿತು. ಹಳ್ಳಿಯವರ ಮಾತು ನಿಂತಿತು.

ನಿಮ್ಮ ತಂದೆಯವರಿಗೆ ಬೆಟ್ಟದ ಯಾವ ಮರದ ಸೊಪ್ಪನ್ನು ಯಾವ ವರ್ಷ ಕಡಿದರು, ಎಷ್ಟು ವರ್ಷ ಬಿಟ್ಟು ಮತ್ತೆ ಕಡಿದರು, ಯಾವ ಮಗ್ಗುಲಿಗೆ ಕೊಡಲಿಯೇ ಹೋಗಿಲ್ಲ, ಯಾವಾಗ ಬೆಂಕಿ ಬಿತ್ತು ಎಂಬುದು ಗೊತ್ತು. ಯಾವ ಇಲಾಖೆಯ ಕಡತದಲ್ಲೂ ಈ ಮಾಹಿತಿ ಇಲ್ಲ. ಪಕ್ಕದ ಏಳೆಂಟು ಮನೆಗಳ ಬೆಟ್ಟಗಳ ಯಜಮಾನರಿಗೂ ತಮ್ಮ ತಮ್ಮ ಬೆಟ್ಟದ ಕಥೆ ಗೊತ್ತಿರುತ್ತದೆ. ದಸರೆ ರಜೆಗೆ ಊರಿಗೆ ಹೋದಾಗ ಪೆನ್ಸಿಲ್ ತೆಗೆದುಕೊಂಡು ಜಗಲಿಯ ಮೇಲೆ ಅವರ ಪಕ್ಕ ಕೂತು ನಕ್ಷೆ ಬರೆಸಿಕೊಳ್ಳಿ, ಮೊದಲು ಸೊಪ್ಪು ಕಡಿದ ಮರಗಳನ್ನು ಗುರುತು ಮಾಡಿಸಿ, ಆಮೇಲೆ ಕಡಿಯದವನ್ನು. ಅವರು ‘ಇದನ್ನೆಲ್ಲ ಏಕೆ ಕೇಳುತ್ತೀಯ?’ ಎಂದರೆ, ಯೂನಿವರ್ಸಿಟಿಯವರು ಕೇಳಿಸಿಕೊಂಡು ಬಾ ಎಂದು ಕಳಿಸಿದ್ದಾರೆ ಎನ್ನಿ.